ಸ್ಪೇನ್‌ನ ಸೆವಿಲ್‌ನಲ್ಲಿ ಮಕ್ಕಳೊಂದಿಗೆ ಬೇಸಿಗೆ: ಜ್ವರದ ಔಷಧಿ, ಓಆರ್‌ಎಸ್ ಮತ್ತು ಬಿಸಿಲು

ಕಂಪನಿ ಕೆಲಸದ ಮೇಲೆ ಎರಡು ತಿಂಗಳು ಸ್ಪೇನ್‌ಗೆ ಹೋಗುವಾಗ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗುವ ಯೋಚನೆ ನಿಮಗಿರಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಸೆವಿಲ್ ನಗರದಲ್ಲಿ ಇರುವುದಾದರೆ ಸೂಟ್‌ಕೇಸ್‌ಗೆ ಔಷಧಿ ತುಂಬುವ ಮೊದಲು ಇದನ್ನು ಓದಿ. ಅಲ್ಲಿ ನೀರು ಕೆಡುಕಲ್ಲ, ನಲ್ಲಿ ನೀರನ್ನೇ ಕುಡಿಯಬಹುದು. ಆಸ್ಪತ್ರೆಗಳೂ ಚೆನ್ನಾಗಿವೆ. ನನಗೆ ಹೆಚ್ಚು ಆತಂಕ ಇರುವುದು ಒಂದು ಸಣ್ಣ ವಿಷಯದ ಬಗ್ಗೆ: ಜ್ವರದ ಸಿರಪ್ ಬಾಟಲಿ.

5 ಮಿ.ಲೀ. ಎಂಬ ಅಭ್ಯಾಸ

ನಮ್ಮಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಸಾಮಾನ್ಯವಾಗಿ 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ ಇರುತ್ತದೆ. "ಜ್ವರ ಬಂದರೆ 5 ಎಂಎಲ್ ಕೊಡಿ" ಎಂದು ಡಾಕ್ಟರ್ ಒಮ್ಮೆ ಹೇಳಿದ್ದು ತಾಯಂದಿರ ಬಾಯಲ್ಲಿ, ಅಜ್ಜಿಯರ ಬಾಯಲ್ಲಿ ಹಾಗೇ ಉಳಿದುಬಿಡುತ್ತದೆ. ಬಾಟಲಿ ಬದಲಾದರೂ 5 ಎಂಎಲ್ ಬದಲಾಗುವುದಿಲ್ಲ.

ಸ್ಪೇನ್‌ನಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಪ್ಯಾರಾಸಿಟಮಾಲ್ ದ್ರಾವಣ, ಉದಾಹರಣೆಗೆ ಅಪಿರೆತಾಲ್, 1 ಮಿ.ಲೀ.ಗೆ 100 ಮಿ.ಗ್ರಾಂ. ಅಂದರೆ 5 ಮಿ.ಲೀ.ಯಲ್ಲಿ 500 ಮಿ.ಗ್ರಾಂ, ದೊಡ್ಡವರು ನುಂಗುವ ಒಂದು ಪೂರ್ತಿ ಮಾತ್ರೆಯಷ್ಟು. ನಮ್ಮ ದೇಶದಲ್ಲಿ ಈ ಪ್ರಮಾಣ ಇರುವುದು ಹಸುಗೂಸುಗಳ ಡ್ರಾಪ್ಸ್‌ನಲ್ಲಿ. ಅದು ಡ್ರಾಪರ್ ಇರುವ ಪುಟ್ಟ ಬಾಟಲಿಯಲ್ಲಿ ಬರುವುದರಿಂದ ಯಾರೂ ಚಮಚದಲ್ಲಿ ಸುರಿಯುವುದಿಲ್ಲ. ಅಲ್ಲಿ ಅದೇ ಸಾಂದ್ರತೆಯ ಔಷಧಿ ನಮ್ಮ ಸಿರಪ್‌ನಂತೆ ಕಾಣುವ ದೊಡ್ಡ ಬಾಟಲಿಯಲ್ಲೂ ಸಿಗುತ್ತದೆ.

ಲೆಕ್ಕ ಹೀಗಿದೆ. ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ತೂಕ ನೋಡಿ, ವಯಸ್ಸು ನೋಡಿ ಅಲ್ಲ. ಕಿಲೋಗೆ 15 ಮಿ.ಗ್ರಾಂನಂತೆ 6 ಗಂಟೆಗೊಮ್ಮೆ. ದಿನಕ್ಕೆ ಒಟ್ಟು ಕಿಲೋಗೆ 60 ಮಿ.ಗ್ರಾಂ ಮೀರಬಾರದು. 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ನಮ್ಮ 120ರ ಸಿರಪ್‌ನಲ್ಲಿ ಅದು 6 ಮಿ.ಲೀ.ಗಿಂತ ತುಸು ಹೆಚ್ಚು, 250ರ ಸಿರಪ್‌ನಲ್ಲಿ 3 ಮಿ.ಲೀ., ಸ್ಪೇನ್‌ನ ಆ ಬಾಟಲಿಯಲ್ಲಿ ಕೇವಲ 1.5 ಮಿ.ಲೀ. ಅಭ್ಯಾಸಬಲದಿಂದ 5 ಮಿ.ಲೀ. ಕೊಟ್ಟರೆ ಮೂರು ಪಟ್ಟಿಗಿಂತ ಹೆಚ್ಚಾಯಿತು. ಎರಡನೇ ಸಲವೂ ಹಾಗೇ ಕೊಟ್ಟರೆ ಇಡೀ ದಿನದ ಮಿತಿ ದಾಟಿಹೋಗುತ್ತದೆ. ಎಲ್ಲ ಬ್ರ್ಯಾಂಡ್‌ಗಳೂ ಒಂದೇ ಸಾಂದ್ರತೆಯವಲ್ಲ, ಅಲ್ಲೂ 120ರ ಬಾಟಲಿ ಇದೆ. ಹಾಗಾಗಿ ಪ್ರತಿ ಬಾಟಲಿಯ ಲೇಬಲ್ ಓದಿ.

ಪ್ಯಾರಾಸಿಟಮಾಲ್ ಹೆಚ್ಚಾದರೆ ಪೆಟ್ಟು ಬೀಳುವುದು ಲಿವರ್‌ಗೆ. ಮೊದಲ ದಿನ ಮಗು ಚೆನ್ನಾಗಿಯೇ ಇರಬಹುದು, ಮೋಸ ಹೋಗುವುದು ಅಲ್ಲೇ. ತಪ್ಪಾಗಿದೆ ಅನ್ನಿಸಿದ ಕೂಡಲೇ, ವಾಂತಿ ಬರಲಿ ಎಂದು ಕಾಯದೆ, ಬಾಟಲಿ ಹಿಡಿದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೋರ್ಡಿನ ಮೇಲೆ "ಉರ್ಹೆನ್ಸಿಯಾಸ್" ಎಂದಿರುತ್ತದೆ. ಇದಕ್ಕೆ ಪ್ರತ್ಯೌಷಧ ಇದೆ, 8 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ದೇಶದ ವಿಷ ಮಾಹಿತಿ ಕೇಂದ್ರದ 24 ಗಂಟೆಯ ಸಂಖ್ಯೆ 91 562 04 20. ಯಾವುದೇ ತುರ್ತಿಗೆ 112.

ಲೇಬಲ್‌ಗಳನ್ನು ಅನುವಾದ ಮಾಡುವವಳಾಗಿ ಇನ್ನೆರಡು ಮಾತು. ಸ್ಪೇನ್‌ನಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಚೀಟಿಯಲ್ಲಿ "1,5" ಎಂದಿದ್ದರೆ ಅದು ಒಂದೂವರೆ, ಹದಿನೈದು ಅಲ್ಲ. "ಕುಚರದೀತಾ" ಎಂದರೆ ಟೀ ಚಮಚ, "ಕುಚರಾದಾ" ಎಂದರೆ ಊಟದ ದೊಡ್ಡ ಚಮಚ. ಎರಡನ್ನೂ ಮರೆತು ಬಾಟಲಿಯ ಜೊತೆ ಬರುವ ಸಿರಿಂಜ್‌ನಲ್ಲೇ ಅಳೆಯಿರಿ. ಒಂದು ಬಾಟಲಿಯ ಸಿರಿಂಜ್ ಇನ್ನೊಂದಕ್ಕೆ ಬೇಡ.

ಐಬುಪ್ರೊಫೆನ್‌ನಲ್ಲೂ ಇದೇ ಗೊಂದಲ. ದಾಲ್ಸಿ ಎಂಬ ಹೆಸರಿನಲ್ಲೇ 1 ಮಿ.ಲೀ.ಗೆ 20 ಮತ್ತು 40 ಮಿ.ಗ್ರಾಂನ ಎರಡು ಬಾಟಲಿಗಳಿವೆ. ಜೊತೆಗೆ ನಮ್ಮವರ ಬ್ಯಾಗ್‌ನಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದ ಸಿರಪ್ ಇರುತ್ತದೆ. ಅದನ್ನು ಕೊಟ್ಟು, ಜ್ವರ ಇಳಿಯಲಿಲ್ಲವೆಂದು ಅಲ್ಲಿನ ಪ್ಯಾರಾಸಿಟಮಾಲನ್ನೂ ಕೊಟ್ಟರೆ ಪ್ಯಾರಾಸಿಟಮಾಲ್ ಎರಡು ಸಲ ಹೋದಂತೆ. ಈ ಜೋಡಿ ಸಿರಪ್‌ಗಳನ್ನು ಒಯ್ಯದಿರುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಒಣ ಬಿಸಿಲು ಬೇರೆ

"ನಾವು ಚೆನ್ನೈನವರು, ನಮಗೇನು ಬಿಸಿಲು ಹೊಸದೇ?" ಎಂದು ನಕ್ಕುಬಿಡಬೇಡಿ. ಜುಲೈನಲ್ಲಿ ಸೆವಿಲ್‌ನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 36 ಡಿಗ್ರಿ, 40 ದಾಟುವ ದಿನಗಳೂ ಬರುತ್ತವೆ. ಚಂಡಮಾರುತಗಳಿಗೆ ಹೆಸರಿಡುವಂತೆ ಬಿಸಿಗಾಳಿಗೆ ಹೆಸರಿಡುವ ಕ್ರಮ ಆ ಊರಿನಲ್ಲಿ 2022ರಲ್ಲಿ ಶುರುವಾಯಿತು. ಮೊದಲನೆಯದರ ಹೆಸರು ಜೋಯಿ. ಮುಂಬೈ, ಚೆನ್ನೈಗಳಲ್ಲಿ ಮಗುವಿನ ಅಂಗಿ ಬೆವರಿನಿಂದ ಒದ್ದೆಯಾಗುತ್ತದೆ, ನೀರು ಕೊಡಬೇಕೆಂದು ನಿಮಗೇ ಹೊಳೆಯುತ್ತದೆ. ಸೆವಿಲ್‌ನ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿ ಒಣಗಿದೆ, ಮಗು ಆಡುತ್ತಿದೆ, ಆದರೆ ಮೈಯಲ್ಲಿನ ನೀರು ಇಳಿಯುತ್ತಿದೆ. ಹಾಗಾಗಿ ಅಂಗಿ ನೋಡಬೇಡಿ, ಮೂತ್ರ ನೋಡಿ. ಡಯಾಪರ್ ಆರು ಗಂಟೆ ಒಣಗೇ ಇದ್ದರೆ, ಮೂತ್ರ ಗಾಢ ಹಳದಿಯಾಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ನೀರು ಸಾಲುತ್ತಿಲ್ಲ.

ಇನ್ನೊಂದು, ಗಡಿಯಾರದ ವಿಷಯ. ಸೆವಿಲ್‌ನಲ್ಲಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರುವುದು ಮಧ್ಯಾಹ್ನ ಸುಮಾರು ಎರಡೂವರೆಗೆ, ಮುಳುಗುವುದು ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತೂಮುಕ್ಕಾಲಿಗೆ. ನಮ್ಮ ಅಭ್ಯಾಸದಂತೆ ಸಂಜೆ ಐದಕ್ಕೆ ಪಾರ್ಕಿಗೆ ಹೊರಟರೆ ಅದು ದಿನದ ಅತಿ ಬಿಸಿಯ ಹೊತ್ತು. ಅಲ್ಲಿನವರ ಮಕ್ಕಳು ರಾತ್ರಿ ಹತ್ತಕ್ಕೆ ಚೌಕದಲ್ಲಿ ಚೆಂಡಾಡುತ್ತಿರುತ್ತಾರೆ. ಬೇಸಿಗೆ ಮಟ್ಟಿಗೆ ನೀವೂ ಬೆಳಗ್ಗೆ ಹನ್ನೊಂದರೊಳಗೆ ಮತ್ತು ರಾತ್ರಿ ಒಂಬತ್ತರ ಮೇಲೆ ಹೊರಗೆ ಹೋಗುವ ಕ್ರಮಕ್ಕೆ ಒಗ್ಗಿಕೊಳ್ಳಿ, ಮಧ್ಯಾಹ್ನ ಮಲಗಿಸಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಡಬೇಡಿ.

ಬಿಸಿಲಿನಲ್ಲಿದ್ದು ಬಂದ ಮಗುವಿನ ಮೈ ಕಾಯುತ್ತಿದ್ದರೆ ಅದು ಸೋಂಕಿನ ಜ್ವರವೇ ಆಗಿರಬೇಕೆಂದಿಲ್ಲ. ಮಂಕಾಗಿದ್ದರೆ, ಮಾತು ತೊದಲಿದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ, ಫಿಟ್ಸ್ ಬಂದರೆ ಹೀಟ್ ಸ್ಟ್ರೋಕ್ ಎಂದೇ ತಿಳಿದು 112ಕ್ಕೆ ಕರೆ ಮಾಡಿ. ಅಷ್ಟರಲ್ಲಿ ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಇಲ್ಲಿ ಪ್ಯಾರಾಸಿಟಮಾಲ್ ಕೆಲಸಕ್ಕೆ ಬರುವುದಿಲ್ಲ. ಜ್ವರದಲ್ಲಿ ಮಿದುಳೇ ಉಷ್ಣಾಂಶವನ್ನು ಏರಿಸಿರುತ್ತದೆ, ಔಷಧಿ ಅದನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಹೊರಗಿನ ಬಿಸಿ ಒಳಗೆ ಸೇರಿಕೊಂಡಿರುತ್ತದೆ. ನಿರ್ಜಲೀಕರಣ ಆದ ಮಗುವಿಗೆ ಐಬುಪ್ರೊಫೆನ್ ಕೊಟ್ಟರೆ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ವಾಂತಿ, ಭೇದಿ ಇರುವಾಗಲೂ ಇದೇ ಎಚ್ಚರ.

ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಯಾವ ಲೆಕ್ಕವೂ ಬೇಡ, ಸೀದಾ ಆಸ್ಪತ್ರೆಗೆ.

ಓಆರ್‌ಎಸ್

ಇದನ್ನು ಊರಿನಿಂದಲೇ ಒಯ್ಯಿರಿ, ಹಗುರ ಮತ್ತು ಅಗ್ಗ. ಆದರೆ ನಮ್ಮಲ್ಲಿ 1 ಲೀಟರ್‌ನ ಪೊಟ್ಟಣವೂ ಇದೆ, 200 ಮಿ.ಲೀ.ನದೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಅಪಾಯಕಾರಿಯಾಗುವಷ್ಟು ಹೆಚ್ಚುತ್ತದೆ. ಕಲಸಿದ್ದು 24 ಗಂಟೆಯ ಮೇಲೆ ಬೇಡ. ಅಲ್ಲಿ ಕೊಳ್ಳಬೇಕಾದರೆ ಔಷಧಿ ಅಂಗಡಿಯಲ್ಲಿ "ಸ್ವೆರೊ ಓರಾಲ್" ಎಂದು ಕೇಳಿ. ಸೂಪರ್ ಮಾರ್ಕೆಟ್‌ನ ಕ್ರೀಡಾ ಪಾನೀಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ಅದರಲ್ಲಿ ಉಪ್ಪು ಕಡಿಮೆ. ಭೇದಿಯಾಗುತ್ತಿರುವ ಮಗುವಿಗೆ ಅದು ಸಾಲದು.

ಫಾರ್ಮಾಸಿಯಾ

ಹಸಿರು ಶಿಲುಬೆಯ ದೀಪ ಕಂಡರೆ ಅದು ಔಷಧಿ ಅಂಗಡಿ. ಸ್ಪೇನ್‌ನಲ್ಲಿ ಪ್ಯಾರಾಸಿಟಮಾಲ್ ಕೂಡ ಅಲ್ಲೇ ಸಿಗುವುದು, ಕಿರಾಣಿ ಅಂಗಡಿಯಲ್ಲಲ್ಲ. ಹಲವು ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ಹಾಕುತ್ತವೆ. ರಾತ್ರಿ ಮತ್ತು ರಜಾದಿನಕ್ಕೆ ಸರದಿಯ ಮೇಲೆ ತೆರೆದಿರುವ ಅಂಗಡಿಗೆ "ಫಾರ್ಮಾಸಿಯಾ ದೆ ಗ್ವಾರ್ದಿಯಾ" ಎನ್ನುತ್ತಾರೆ. ಮುಚ್ಚಿದ ಅಂಗಡಿಯ ಬಾಗಿಲಿನಲ್ಲೇ ಅದರ ವಿಳಾಸ ಅಂಟಿಸಿರುತ್ತಾರೆ. ಕೌಂಟರ್‌ನಲ್ಲಿರುವ ಫಾರ್ಮಸಿಸ್ಟ್‌ಗೆ ಮಗುವಿನ ತೂಕ ಬರೆದ ಚೀಟಿ ತೋರಿಸಿ, ಡೋಸ್ ಸಿರಿಂಜ್ ಮೇಲೆ ಗುರುತು ಮಾಡಿಕೊಡಿ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ನಮ್ಮ ಕೆಲಸವೇ ಅದು.

ಆ್ಯಂಟಿಬಯೋಟಿಕ್ ಮಾತ್ರ ಚೀಟಿ ಇಲ್ಲದೆ ಕೊಡುವುದಿಲ್ಲ, ನಮ್ಮ ದೇಶದ ಡಾಕ್ಟರ್ ಚೀಟಿಯೂ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ವೈದ್ಯರಿಗೇ ತೋರಿಸಬೇಕು. ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಹೇಗೂ ಮಾಡಿಸಿರುತ್ತೀರಿ. ಹೊರಡುವ ಮೊದಲೇ ಅದರ ಸಹಾಯವಾಣಿ ಸಂಖ್ಯೆಯನ್ನು ಇಬ್ಬರ ಫೋನ್‌ನಲ್ಲೂ ಉಳಿಸಿಕೊಳ್ಳಿ.

ಮಗುವಿಗೆ ದಿನನಿತ್ಯದ ಔಷಧಿ ಇದ್ದರೆ ಇಡೀ ಅವಧಿಗೆ ಸಾಲುವಷ್ಟನ್ನು ಮೂಲ ಪ್ಯಾಕ್‌ನಲ್ಲಿ, ಜೆನೆರಿಕ್ ಹೆಸರಿರುವ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಿರಿ. ಫಿಟ್ಸ್ ಅಥವಾ ಎಡಿಎಚ್‌ಡಿಯ ಕೆಲವು ಔಷಧಿಗಳು ನಿಯಂತ್ರಿತ ಪಟ್ಟಿಯಲ್ಲಿರುವುದರಿಂದ ಸ್ಪೇನ್ ರಾಯಭಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಬೆಳಗ್ಗೆ 8ರ ಮಾತ್ರೆಯನ್ನು ಯಾವಾಗ ಕೊಡಬೇಕೆಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಹಗಲೆಲ್ಲ ಬೀಗ ಹಾಕಿದ ಮನೆ ಒಳಗೊಳಗೇ ಕಾಯುತ್ತದೆ. 25 ಅಥವಾ 30 ಡಿಗ್ರಿಯೊಳಗೆ ಇಡಿ ಎಂದಿರುವ ಔಷಧಿಗಳನ್ನು ಅಡುಗೆಮನೆ ಕಿಟಕಿಯ ಬಳಿ ಇಡದೆ, ಮನೆಯ ಅತಿ ತಂಪಾದ ಕೋಣೆಯ ಕಪಾಟಿನಲ್ಲಿ ಇಡಿ.