ದಾನ ಕೊಟ್ಟವಳ ಹೆಸರು: ಬನವಾಸಿಯ ನಾಗಶಿಲೆಯ ಶಾಸನದ ಮರುಓದು

ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಪ್ರಾಕೃತ ಶಾಸನವನ್ನು ಕೈಗೆತ್ತಿಕೊಂಡವರ ಗಮನವೆಲ್ಲ ಹೆಚ್ಚಾಗಿ ಅದರ ಕಾಲದ ಮೇಲೆ, ಚುಟು ಅರಸರ ವಂಶಾವಳಿಯ ಮೇಲೆ ಇತ್ತು. ದಾನಿ ಯಾರು ಎಂಬುದು ಅವರಿಗೆ ಬದಿಯ ಸಂಗತಿ. ಅದನ್ನು ಬದಿಗಿಟ್ಟದ್ದರಿಂದ ಒಂದು ತಪ್ಪು ಬೇರು ಬಿಟ್ಟಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಆಂಧ್ರ ನಾಣ್ಯಗಳ ಸೂಚಿಯನ್ನು 1908ರಲ್ಲಿ ಪ್ರಕಟಿಸಿದ ಇ. ಜೆ. ರ್ಯಾಪ್ಸನ್, ಅದರ ಪೀಠಿಕೆಯಲ್ಲಿ ಈ ಶಾಸನದಲ್ಲಿ ದಾನಿಯ ಹೆಸರೇ ಇಲ್ಲವೆಂದು ಬರೆದರು. ಶಿವಖದನಾಗಸಿರಿ ಎಂಬ ಹೆಸರು ಅವರ ಪ್ರಕಾರ ಅವಳೊಡನೆ ದಾನದಲ್ಲಿ ಸೇರಿದ್ದ ಮಗನದು. 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇದೇ ಶಾಸನವನ್ನು ಪ್ರಕಟಿಸಿದ ಬ್ಯೂಲರ್ ಆ ಹೆಸರನ್ನು ರಾಜಪುತ್ರಿಯದೆಂದೇ ಓದಿದ್ದರು. ಬ್ಯೂಲರ್ ಓದೇ ಸರಿ ಎಂಬುದು ಈ ಲೇಖನದ ವಾದ.

ಶಾಸನದ ಚೌಕಟ್ಟಿನ ಬಗ್ಗೆ ತಕರಾರಿಲ್ಲ. ಹಾರಿತೀಪುತ್ರ ವಿಷ್ಣುಕಡ ಚುಟುಕುಲಾನಂದ ಸಾತಕರ್ಣಿಯ ಆಳ್ವಿಕೆಯ 12ನೆಯ ವರ್ಷ, ಹೇಮಂತದ 7ನೆಯ ಪಕ್ಷ, 1ನೆಯ ದಿನ. ದಾನವಾದದ್ದು ಒಂದು ನಾಗ, ಒಂದು ಕೆರೆ, ಒಂದು ವಿಹಾರ. ಕೆಲಸದ ಉಸ್ತುವಾರಿ ಅಮಾತ್ಯ ಖದಸಾತಿಯದು. ನಾಗನನ್ನು ಕಡೆದವನು ನಟಕನೆಂಬ ಶಿಲ್ಪಿ. ಉಸ್ತುವಾರಿಯವನ ಹೆಸರು, ಶಿಲ್ಪಿಯ ಹೆಸರು, ಶಿಲ್ಪಿಗೆ ವಿದ್ಯೆ ಕಲಿಸಿದ ಆಚಾರ್ಯನ ಹೆಸರನ್ನೂ ಬಿಡದೆ ಬರೆಸಿದವರು ಹಣ ಹಾಕಿದವಳ ಹೆಸರನ್ನು ಮಾತ್ರ ಬಿಟ್ಟರೆಂದು ರ್ಯಾಪ್ಸನ್ ನಮ್ಮನ್ನು ನಂಬಿಸಬೇಕಾಗುತ್ತದೆ. ಬೇರೆ ಪುರಾವೆ ಏನೂ ಇಲ್ಲದಿದ್ದರೂ ಈ ಒಂದು ಕಾರಣಕ್ಕೇ ಅವರ ಓದನ್ನು ಅನುಮಾನಿಸಬಹುದಿತ್ತು.

ಪುರಾವೆ ಇದೆ, ಅದು ವ್ಯಾಕರಣದಲ್ಲಿದೆ. ದಾನಿಯ ವಿಶೇಷಣಗಳು ಸಾಲಾಗಿ ಬರುತ್ತವೆ: ಮಹಾರಾಜಬಾಲಿಕಾಯ, ಜೀವಪುತಾಯ, ಸಕುಮಾರಾಯ, ಕೊನೆಯಲ್ಲಿ ಸಿವಖದನಾಗಸಿರಿಯ. ಮಹಾರಾಜನ ಮಗಳು, ಬದುಕಿರುವ ಮಗನನ್ನುಳ್ಳವಳು, ಕುಮಾರನೊಡನೆ ಇರುವವಳು ಆದ ಶಿವಸ್ಕಂದನಾಗಶ್ರೀಯ ದಾನ ಎಂದು ಅರ್ಥ. ನಾಲ್ಕೂ ಪದಗಳು ಸ್ತ್ರೀಲಿಂಗದ ಷಷ್ಠಿಯಲ್ಲಿವೆ. ಹೆಸರು ಗಂಡಸಿನದಾಗಿದ್ದು ಷಷ್ಠಿಯಲ್ಲಿ ಬಂದಿದ್ದರೆ ಸಿರಿಸ ಅಥವಾ ಸಿರಿನೋ ಎಂಬಂಥ ರೂಪ ಬೇಕಿತ್ತು. ‘ಕುಮಾರ ಶಿವಸ್ಕಂದನಾಗಶ್ರೀಯೊಡನೆ ಇರುವವಳು’ ಎಂದು ಒಂದೇ ಸಮಾಸ ಕಟ್ಟಿ ರ್ಯಾಪ್ಸನ್ನರನ್ನು ಉಳಿಸಲು ಯಾರಾದರೂ ಹೊರಡಬಹುದು. ಆಗ ‘ಕುಮಾರ’ದ ಮುಂದೆ ವಿಭಕ್ತಿ ಇರಬಾರದು. ಇಲ್ಲಿ ಇದೆ. ವಿಭಕ್ತಿ ಬಂದಲ್ಲಿ ಪದ ಮುಗಿಯಿತು. ಮುಂದಿನ ಹೆಸರು ಬೇರೆಯ ಪದ.

ಇಷ್ಟು ಸರಳವಾದದ್ದು ರ್ಯಾಪ್ಸನ್ನರಂಥ ವಿದ್ವಾಂಸರ ಕಣ್ಣಿಗೆ ಏಕೆ ಬೀಳಲಿಲ್ಲ? ಅವರಿಗೆ ಒಬ್ಬ ಮೊಮ್ಮಗ ಬೇಕಿತ್ತು. ಶಿಕಾರಿಪುರ ತಾಲೂಕಿನ ಮಳವಳ್ಳಿಯ ಕಂಬದಲ್ಲಿ ವೈಜಯಂತಿಯ ಒಡೆಯ ಶಿವಸ್ಕಂದವರ್ಮನೊಬ್ಬ ಸಿಗುತ್ತಾನೆ. ಕಾನ್ಹೇರಿಯ ಗುಹಾಶಾಸನದಲ್ಲಿ ನಾಗಮುಲನಿಕೆಯೆಂಬ ದಾನಿಯ ಮಗ ಖಂದನಾಗ ಸಾತಕ ಸಿಗುತ್ತಾನೆ. ಬನವಾಸಿಯ ಹೆಸರನ್ನು ಗಂಡಸಿಗೆ ಕೊಟ್ಟರೆ ಮೂರು ಊರಿನ ಮೂರು ಹೆಸರುಗಳು ಒಬ್ಬನೇ ರಾಜನಾಗಿ ಕೂಡುತ್ತವೆ. ಚುಟುಗಳ ಕೊನೆಯ ಅರಸ ಕೈಗೆ ಬರುತ್ತಾನೆ. ಅವನ ತಾಯಿಗೆ ಕಾನ್ಹೇರಿಯಿಂದ ನಾಗಮುಲನಿಕೆಯ ಹೆಸರನ್ನು ಎರವಲು ತಂದರೆ ಕೋಷ್ಟಕ ಪೂರ್ತಿಯಾಗುತ್ತದೆ. ಮಗಳಿಗೆ ಅವಳದೇ ಶಾಸನದಲ್ಲಿದ್ದ ಹೆಸರು ಮಾತ್ರ ಹೋಗುತ್ತದೆ.

ಕಾನ್ಹೇರಿಯ ಹೋಲಿಕೆಯೂ ನಿಲ್ಲುವುದಿಲ್ಲ. ಅಲ್ಲಿ ನಾಗಮುಲನಿಕೆ ಮಹಾರಾಜನ ಮಗಳು, ಮಹಾರಠಿಯ ಹೆಂಡತಿ, ಮಹಾಭೋಜನ ಸೋದರಿ, ಮಗನ ತಾಯಿ ಎಂದು ನಾಲ್ಕು ನಂಟುಗಳಿಂದ ಗುರುತಾಗುತ್ತಾಳೆ. ತಂದೆಯ ಹೆಸರು ಅಲ್ಲಿಲ್ಲ. ಬನವಾಸಿಯಲ್ಲಿ ತಂದೆಯ ಹೆಸರಿದೆ, ಗಂಡನ ಸುದ್ದಿಯೇ ಇಲ್ಲ, ಸೋದರನೂ ಇಲ್ಲ. ಇಬ್ಬರೂ ರಾಜಪುತ್ರಿಯರು, ಇಬ್ಬರಿಗೂ ಮಗನಿದ್ದ ಎಂಬಷ್ಟರಿಂದ ಇಬ್ಬರನ್ನೂ ಒಬ್ಬಳಾಗಿಸುವುದು ಅವಸರದ ಕೆಲಸ.

ಸಿರಿ ಎಂಬ ಕೊನೆ ಗಂಡಸರಿಗೂ ಸಲ್ಲುತ್ತದೆ ಎಂಬ ಆಕ್ಷೇಪವನ್ನು ಒಪ್ಪಬೇಕು. ಪುರಾಣಗಳ ಪಟ್ಟಿಯಲ್ಲಿ ಯಜ್ಞಶ್ರೀ ಇದ್ದಾನೆ. ಹೆಸರಿನ ಕೊನೆಯೊಂದರಿಂದಲೇ ತೀರ್ಮಾನವಾಗದು. ಆದರೂ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳನ್ನು ಓದಿದವರು ಈ ಕೊನೆಯನ್ನು ಹೆಣ್ಣಿನದೆಂದು ಕೇಳಿಸಿಕೊಳ್ಳುವುದು ಸಹಜ. ಅಲ್ಲಿನ ಮಹಾಚೈತ್ಯಕ್ಕೆ ದಾನ ಮಾಡಿದ ಚಾಂತಿಸಿರಿ ಅರಸ ಚಾಂತಮೂಲನ ಸೋದರಿ. ನಮಗೆ ಇನ್ನೂ ಹತ್ತಿರದವಳು ಕೊಡಬಲಿಸಿರಿ: ವೀರಪುರುಷದತ್ತನ ಮಗಳು, ವನವಾಸದ ಮಹಾರಾಜನ ಮಡದಿ. ಅವಳು ಮಹೀಶಾಸಕ ಆಚಾರ್ಯರಿಗಾಗಿ ವಿಹಾರ ಕಟ್ಟಿಸಿದಳು. ಬನವಾಸಿಯ ಅರಮನೆಯ ಹೆಣ್ಣು ತನ್ನ ಹೆಸರಿನಲ್ಲಿ ವಿಹಾರ ಕೊಡುವುದು ಆ ಕಾಲಕ್ಕೆ ಅಪವಾದವಾಗಿರಲಿಲ್ಲ.

ಇಲ್ಲಿ ಒಂದು ಮಿತಿ ಹಾಕಿಕೊಳ್ಳಬೇಕು. ಪ್ರಾಚೀನ ಬನವಾಸಿಯಲ್ಲಿ ಹೆಣ್ಣು ಗಂಡಿಗೆ ಸರಿಸಮಳಾಗಿದ್ದಳೆಂದು ಈ ಶಾಸನದಿಂದ ಹೇಳುವವರ ಜೊತೆ ನಾನಿಲ್ಲ. ಅವಳು ರಾಜನ ಮಗಳು. ಒಕ್ಕಲಿನ ಮನೆಯ ಹುಡುಗಿಯ ಬಗ್ಗೆ ಕಲ್ಲು ಏನೂ ಹೇಳುವುದಿಲ್ಲ. ಬದುಕಿರುವ ಮಗನನ್ನುಳ್ಳವಳು ಎಂಬ ಹೊಗಳಿಕೆಯೇ ಹೆಣ್ಣಿನ ಮಾನವನ್ನು ಗಂಡುಮಗುವಿನಿಂದ ಅಳೆಯುತ್ತಿದ್ದರೆಂಬುದಕ್ಕೆ ಸಾಕ್ಷಿ. ಆ ಅಳತೆಯ ನಡುವೆಯೂ ಅವಳು ಮಹಾರಾಜನ ಮಗಳೆಂಬ ಗುರುತಿನಲ್ಲಿ, ತನ್ನ ಹೆಸರಿನಲ್ಲಿ ಕೆರೆ ಕಟ್ಟಿಸಿದಳೆಂಬುದು ಉಳಿಯುವ ಸತ್ಯ.

ಮುಂದೆ ಈ ಸತ್ಯ ಸವೆಯಿತು. ಕದಂಬರ ತಾಳಗುಂದ ಸ್ತಂಭದಲ್ಲಿ ಕವಿ ಕುಬ್ಜ ಕಾಕುಸ್ಥವರ್ಮನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟದ್ದನ್ನು ಹಾಡಿ ಹೊಗಳುತ್ತಾನೆ. ಒಬ್ಬಳ ಹೆಸರನ್ನೂ ಹೇಳುವುದಿಲ್ಲ. ಕುಂತಲದ ಒಡೆಯನ ಮಗಳು ಅಜ್ಝಿತಭಟ್ಟಾರಿಕೆಯ ಹೆಸರು ನಮಗೆ ಸಿಗುವುದು ಅವಳು ಸೇರಿದ ವಾಕಾಟಕರ ಬಾಲಾಘಾಟ್ ತಾಮ್ರಪಟಗಳಲ್ಲಿ. ಅವಳು ಕಾಕುಸ್ಥನ ಮಗಳೇ ಎಂಬುದು ಊಹೆ. ಆ ಊಹೆಯ ಅಗತ್ಯ ಬಿದ್ದದ್ದೇ ತವರಿನ ಕಲ್ಲು ಮಗಳನ್ನು ಹೆಸರಿಸದ ಕಾರಣ.

ಈ ಚರ್ಚೆ ಪ್ರಾಕೃತ ಬಲ್ಲವರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವವರು ಶಿರಸಿ ಸೀಮೆಯ ಯಾವುದಾದರೂ ತೋಟದ ಪಹಣಿಯನ್ನೂ ಹಿಸ್ಸೆಯ ಕಾಗದಗಳನ್ನೂ ನೋಡಬೇಕು. ಕರ್ನಾಟಕದ 1994ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಕೇಂದ್ರ ಕಾನೂನು ಆ ಕೊರತೆಯನ್ನು ತುಂಬಿತು. 2020ರಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲಿಲ್ಲವೆಂದು ಪಾಲು ತಪ್ಪುವುದಿಲ್ಲ ಎಂದಿತು. ಹೀಗಿದ್ದೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ತವರಿನ ಬಾಂಧವ್ಯ ಉಳಿಸಿಕೊಳ್ಳುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ದಾಖಲೆಯಲ್ಲಿ ಮಗಳ ಹೆಸರು ಉಳಿಯುವುದು ಎಷ್ಟು ದೊಡ್ಡ ವಿಷಯವೆಂದು ಅವರಿಗೆ ವಿವರಿಸಬೇಕಾಗಿಲ್ಲ.

ಎಕ್ಕಂಬಿ, ದಾಸನಕೊಪ್ಪ, ಬನವಾಸಿಯ ಶಾಲೆಗಳ ಶಿಕ್ಷಕರಲ್ಲಿ ನನ್ನ ವಿನಂತಿ: ಮಕ್ಕಳನ್ನು ಮಧುಕೇಶ್ವರನ ಗುಡಿಗೆ ಕರೆದೊಯ್ದಾಗ ಮಯೂರವರ್ಮನ ಕಥೆಯಷ್ಟನ್ನೇ ಹೇಳಿ ಮುಗಿಸಬೇಡಿ. ನಾಗಶಿಲೆಯ ಮುಂದೆ ನಿಲ್ಲಿಸಿ, ಕೆರೆಯನ್ನೂ ವಿಹಾರವನ್ನೂ ಕೊಟ್ಟ ಶಿವಸ್ಕಂದನಾಗಶ್ರೀಯ ಹೆಸರನ್ನು ಹುಡುಗಿಯರ ಬಾಯಿಂದಲೇ ಗಟ್ಟಿಯಾಗಿ ಹೇಳಿಸಿ.