ಫ್ಲಶಿಂಗ್‌ನ ಎರಡು ಸಾಲಪದ್ಧತಿಗಳು

ಅಮೆರಿಕದ 1965ರ ವಲಸೆ ಕಾನೂನಿನ ತರುವಾಯ ನ್ಯೂಯಾರ್ಕ್ ನಗರದ ಫ್ಲಶಿಂಗ್‌ನಲ್ಲಿ ನೆಲೆಸಿದ ಏಷ್ಯಾದ ಕುಟುಂಬಗಳಿಗೆ ಎರಡು ಬಗೆಯ ಸಾಲಪದ್ಧತಿಗಳು ಎದುರಾದವು. ಮೊದಲನೆಯದು ಕೊರಿಯನ್ನರ 'ಕೇ' ಹಾಗೂ ಚೀನೀಯರ 'ಹುಯಿ'. ಕರ್ನಾಟಕದ ಚೀಟಿ ವ್ಯವಹಾರದಂತೆ ಇಲ್ಲಿಯೂ ಸದಸ್ಯರು ಕಂತು ಕಟ್ಟಿ, ಕೂಡಿದ ಮೊತ್ತವನ್ನು ಸರದಿಯಂತೆ ಪಡೆಯುತ್ತಿದ್ದು, ಪರಸ್ಪರ ಪರಿಚಯವೇ ಜಾಮೀನಾಗಿತ್ತು.

ಎರಡನೆಯದು ದಾಖಲೆಯನ್ನು ಆಧರಿಸಿದ ಪದ್ಧತಿ. 1837ರ ಆರ್ಥಿಕ ಕುಸಿತದಲ್ಲಿ ಟ್ಯಾಪನ್ ಸಹೋದರರ ರೇಷ್ಮೆ ವ್ಯಾಪಾರ ನೆಲಕಚ್ಚಿದ ಮೇಲೆ, ಲೂಯಿಸ್ ಟ್ಯಾಪನ್ 1841ರಲ್ಲಿ ನ್ಯೂಯಾರ್ಕ್‌ನಲ್ಲೇ ವರ್ತಕರ ಸಾಲಯೋಗ್ಯತೆಯ ವರದಿ ನೀಡುವ ಸಂಸ್ಥೆಯನ್ನು ಸ್ಥಾಪಿಸಿದನು. ಮುಂದೆ ಸಾಮಾನ್ಯ ಗ್ರಾಹಕರಿಗೂ ವ್ಯಾಪಿಸಿದ ಇಂಥ ವರದಿಗಳನ್ನು 1970ರ ಕೇಂದ್ರ ಕಾನೂನು ನಿಯಂತ್ರಣಕ್ಕೆ ಒಳಪಡಿಸಿ, ತಪ್ಪು ನಮೂದನ್ನು ಪ್ರಶ್ನಿಸುವ ಹಕ್ಕನ್ನು ನೀಡಿತು. 1989ರಲ್ಲಿ ಬಂದ 'ಫೈಕೋ' ಎಂಬ ಸಾಲಯೋಗ್ಯತೆಯ ಅಂಕವು ಅವುಗಳ ಸಾರವನ್ನು 300ರಿಂದ 850ರವರೆಗಿನ ಒಂದು ಸಂಖ್ಯೆಗೆ ಇಳಿಸಿತು.

ಚೀಟಿಯ ಕಂತುಗಳು ಸಾಮಾನ್ಯವಾಗಿ ಈ ದಾಖಲೆಗೆ ಸೇರದ ಕಾರಣ, ಸಮುದಾಯದಲ್ಲಿ ವಿಶ್ವಾಸ ಗಳಿಸಿದವರಿಗೂ ಅಂಕದ ಬಲ ಒದಗಲಿಲ್ಲ. ಸಾಲ ಕಟ್ಟಲಾಗದೆ ಸೋತವರ ಬಾಕಿಯ ನಮೂದು ಸಾಮಾನ್ಯವಾಗಿ ಏಳು ವರ್ಷ, ದಿವಾಳಿತನದ ನಮೂದು ಹತ್ತು ವರ್ಷದವರೆಗೆ ಉಳಿಯಬಹುದಾದ್ದರಿಂದ, ಠೇವಣಿಯ ಭದ್ರತೆಯ ಮೇಲೆ ಕ್ರೆಡಿಟ್ ಕಾರ್ಡ್ ಪಡೆದು, ಮಿತಿಯ ಅಲ್ಪಾಂಶವನ್ನಷ್ಟೇ ಬಳಸಿ, ಗಡುವಿನೊಳಗೆ ಪಾವತಿಸುತ್ತ ಹೊಸ ದಾಖಲೆಯನ್ನು ಕಟ್ಟುವುದೇ ಚೇತರಿಕೆಯ ರೂಢಿಯ ಮಾರ್ಗವಾಯಿತು. ವೈದ್ಯಕೀಯ ಸಾಲವನ್ನು ವರದಿಯಲ್ಲಿ ನಮೂದಿಸುವುದನ್ನು ನಿಷೇಧಿಸಿದ ನ್ಯೂಯಾರ್ಕ್ ರಾಜ್ಯದ 2023ರ ಕಾನೂನು, ಕಾಯಿಲೆಯಿಂದ ಬಂದ ಸಂಕಷ್ಟವನ್ನು ವ್ಯಕ್ತಿಯ ಸಾಲಯೋಗ್ಯತೆಯಿಂದ ಬೇರ್ಪಡಿಸಿತು.