ತಟ್ಟಿ ನೋಡಿ ಕೊಳ್ಳುವ ವಿದ್ಯೆ: ಎಪಿಐ ಕ್ಲೈಂಟ್ ನಡೆದು ಬಂದ ದಾರಿ

ಬೆಳಗಾವಿ ಜಿಲ್ಲೆಯ ಖಾನಾಪುರದ ಮಣ್ಣಿನ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡಿಯೇ ದುಡ್ಡು ಕೊಡುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿಯೂ ಅಚ್ಚಿನಿಂದ ಹೊರಬಂದ ಎರಕ ಅಳತೆ, ತಪಾಸಣೆ ಮುಗಿಸಿಕೊಂಡೇ ಲಾರಿ ಹತ್ತಬೇಕು. ಸಾಫ್ಟ್‌ವೇರ್ ಲೋಕದಲ್ಲಿ ಹೀಗೆ ತಟ್ಟಿ ನೋಡಲು ಎಲ್ಲರ ಕೈಗೂ ಎಟುಕುವ ಸಾಧನವೊಂದು ಸಿಗಲು ಬಹಳ ಕಾಲ ಹಿಡಿಯಿತು. ಎಪಿಐ ಕ್ಲೈಂಟ್ ಎಂದು ಕರೆಯುವ ಆ ಸಾಧನದ ಚರಿತ್ರೆಯ ಒಂದು ಮುಖ್ಯ ಪಾಲು ನಮ್ಮ ಕರ್ನಾಟಕದಲ್ಲೇ ನಡೆದಿದೆ.

ಮೊಬೈಲ್‌ನಲ್ಲಿ ಹವಾಮಾನದ ಆ್ಯಪ್ ತೆರೆದರೆ ಇವತ್ತಿನ ಮಳೆ ಎಷ್ಟೆಂಬ ಒಂದು ಅಂಕಿ ಕಾಣುತ್ತದೆ. ಆ ಅಂಕಿಯ ಹಿಂದೆ ಒಂದು ಸಂಭಾಷಣೆ ನಡೆದಿರುತ್ತದೆ. ಆ್ಯಪ್ ದೂರದ ಸರ್ವರ್‌ಗೆ ರಿಕ್ವೆಸ್ಟ್ ಕಳಿಸುತ್ತದೆ. ಅದರಲ್ಲಿ ವಿಳಾಸ, ವಿಧಾನ, ಹೆಡರ್‌ಗಳು, ಕೆಲವೊಮ್ಮೆ ಒಂದು ಬಾಡಿ ಇರುತ್ತವೆ. ಸರ್ವರ್ ಸ್ಟೇಟಸ್ ಕೋಡ್, ಹೆಡರ್ ಮತ್ತು ಬಾಡಿಯ ಜೊತೆ ರೆಸ್ಪಾನ್ಸ್ ಕೊಡುತ್ತದೆ. ತಂತ್ರಾಂಶಗಳು ಹೀಗೆ ಪರಸ್ಪರ ಮಾತಾಡುವ ಗೊತ್ತುಪಡಿಸಿದ ದಾರಿಯೇ ಎಪಿಐ. ಆ್ಯಪ್ ನಮಗೆ ತೋರಿಸುವುದು ಕೊನೆಯ ಅಂಕಿಯನ್ನು ಮಾತ್ರ. ಎಪಿಐ ಕ್ಲೈಂಟ್ ಇಡೀ ಸಂಭಾಷಣೆಯನ್ನು ಮೇಜಿನ ಮೇಲೆ ಹರಡಿಡುತ್ತದೆ.

ಕಪ್ಪು ಪರದೆಯ ದಿನಗಳು

ಮೊದಲು ಈ ಕೆಲಸಕ್ಕೆ ಟರ್ಮಿನಲ್ ಒಂದೇ ಗತಿಯಾಗಿತ್ತು. ಟೆಲ್ನೆಟ್‌ನಲ್ಲಿ 80ನೇ ಪೋರ್ಟ್‌ಗೆ ಸೇರಿ, ರಿಕ್ವೆಸ್ಟ್‌ನ ಸಾಲುಗಳನ್ನು ಕೈಯಾರೆ ಟೈಪ್ ಮಾಡಬೇಕಿತ್ತು. 1996ರಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ತಮ್ಮ ಚಾಟ್ ಬಾಟ್‌ಗೆ ವಿದೇಶಿ ಹಣದ ವಿನಿಮಯ ದರ ತರಿಸಬೇಕಿತ್ತು. ಬ್ರೆಜಿಲ್‌ನ ರಫಾಯೆಲ್ ಸಗುಲಾ ಬರೆದಿದ್ದ ಪುಟ್ಟ ಪ್ರೋಗ್ರಾಂ ಒಂದನ್ನು ಎತ್ತಿಕೊಂಡು ತಿದ್ದುತ್ತ ಹೋದರು. ಅದಕ್ಕೆ 1998ರ ಮಾರ್ಚ್ 20ರಂದು ಕರ್ಲ್ ಎಂಬ ಹೆಸರು ಬಂತು.

2000ದಲ್ಲಿ ಈ ಕ್ಷೇತ್ರಕ್ಕೆ ನಿಜವಾದ ಬಿತ್ತನೆ ಆಯಿತು. ಸೇಲ್ಸ್‌ಫೋರ್ಸ್ ಮತ್ತು ಈಬೇ ತಮ್ಮ ಎಪಿಐಗಳನ್ನು ಹೊರಗಿನವರಿಗೆ ತೆರೆದವು. ರಾಯ್ ಫೀಲ್ಡಿಂಗ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ರೆಸ್ಟ್ ಎಂಬ ವಿನ್ಯಾಸವನ್ನು ವಿವರಿಸಿದರು. ಕರ್ಲ್ ಆಗಲೂ ಗಟ್ಟಿ ಸಾಧನ, ಈಗಲೂ ಹೌದು. ಆದರೆ ಹೊಸಬರಿಗೆ ಅದು ಕಬ್ಬಿಣದ ಕಡಲೆ. ಉದ್ದನೆಯ ಕಮಾಂಡ್‌ನಲ್ಲಿ ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಎಲ್ಲ ಕೆಡುತ್ತದೆ. ಬಂದ ಉತ್ತರ ಮುಗಿಯದ ಒಂದೇ ಸಾಲಾಗಿ ಪರದೆ ತುಂಬುತ್ತದೆ.

ಕಿಟಕಿ ತೆರೆದದ್ದು

ಮುಂದಿನ ಹತ್ತು ವರ್ಷಗಳಲ್ಲಿ ಕಿಟಕಿಗಳು ಒಂದೊಂದಾಗಿ ತೆರೆದವು. 2003ರಲ್ಲಿ ಎರಿಕ್ ಲಾರೆನ್ಸ್ ಅವರ ಫಿಡ್ಲರ್ ಬಂತು. ಅದು ಬ್ರೌಸರ್ ಮತ್ತು ಸರ್ವರ್ ನಡುವೆ ಕೂತು, ಹೋಗಿಬರುವುದನ್ನೆಲ್ಲ ತೋರಿಸುತ್ತಿತ್ತು. 2005ರಲ್ಲಿ ಸೋಪ್ ಯುಐ ಬಂತು, ಬ್ಯಾಂಕು ಮತ್ತು ದೊಡ್ಡ ಕಂಪನಿಗಳ ಎಕ್ಸ್‌ಎಂಎಲ್ ಸೇವೆಗಳನ್ನು ಪರೀಕ್ಷಿಸುವುದಕ್ಕೆ. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗೆ ಫೈರ್‌ಬಗ್ ಕೊಟ್ಟರು. ಇಂದು ಪ್ರತಿ ಬ್ರೌಸರ್‌ನಲ್ಲೂ ಇರುವ ಡೆವಲಪರ್ ಟೂಲ್ಸ್‌ಗೆ ದಾರಿ ಹಾಕಿಕೊಟ್ಟದ್ದು ಅದು. ಇಷ್ಟಾದರೂ ಒಂದು ಕೊರತೆ ಉಳಿಯಿತು. ಬ್ರೌಸರ್‌ನ ವಿಳಾಸಪಟ್ಟಿಯಿಂದ ಮಾಹಿತಿ ತರಿಸುವ ಗೆಟ್ ರಿಕ್ವೆಸ್ಟ್ ಮಾತ್ರ ಹೋಗುತ್ತದೆ. ಮಾಹಿತಿ ಸೇರಿಸುವ, ಬದಲಿಸುವ, ಅಳಿಸುವ ಪೋಸ್ಟ್, ಪುಟ್, ಡಿಲೀಟ್ ಕಳಿಸಬೇಕೆಂದರೆ ಹೆಚ್ಚಿನವರು ಕೋಡ್ ಬರೆಯಬೇಕಿತ್ತು, ಇಲ್ಲವೇ ಕಪ್ಪು ಪರದೆಗೆ ಮರಳಬೇಕಿತ್ತು.

ಬೆಂಗಳೂರಿನ ಪೋಸ್ಟ್‌ಮ್ಯಾನ್

ಆ ಕೊರತೆಯನ್ನು ಬೆಂಗಳೂರು ನೀಗಿಸಿತು. ಅಭಿನವ್ ಅಸ್ಥಾನಾ ತಮ್ಮ ಕೆಲಸದ ತೊಡಕು ಬಿಡಿಸಿಕೊಳ್ಳಲು ಮಾಡಿದ ಕ್ರೋಮ್ ಎಕ್ಸ್‌ಟೆನ್ಷನ್ 2012ರಲ್ಲಿ ಹೊರಬಂತು. ಹೆಸರು ಪೋಸ್ಟ್‌ಮ್ಯಾನ್. ವಿಧಾನ ಆರಿಸಲು ಒಂದು ಪಟ್ಟಿ, ವಿಳಾಸಕ್ಕೆ ಒಂದು ಪೆಟ್ಟಿಗೆ, ಒಂದು ಸೆಂಡ್ ಬಟನ್, ಕೆಳಗೆ ಬಣ್ಣ ಹಚ್ಚಿ ಸಾಲುಸಾಲಾಗಿ ಜೋಡಿಸಿದ ಉತ್ತರ: ಇಷ್ಟೇ ಅದರ ಬಂಡವಾಳ. 2014ರಲ್ಲಿ ಅಂಕಿತ್ ಸೋಬ್ತಿ ಮತ್ತು ಅಭಿಜಿತ್ ಕಾಣೆ ಅವರ ಜೊತೆಗೂಡಿ ಅಸ್ಥಾನಾ ಅದನ್ನು ಕಂಪನಿ ಮಾಡಿದರು. 2021ರ ಆಗಸ್ಟ್‌ನಲ್ಲಿ ಹೂಡಿಕೆದಾರರು ಅದಕ್ಕೆ 560 ಕೋಟಿ ಡಾಲರ್ ಬೆಲೆ ಕಟ್ಟಿದರು.

ರಿಕ್ವೆಸ್ಟ್‌ಗಳನ್ನು ಕಲೆಕ್ಷನ್ ಆಗಿ ಕೂಡಿಡುವುದು, ಪರೀಕ್ಷಾ ಸರ್ವರ್ ಮತ್ತು ಅಸಲಿ ಸರ್ವರ್‌ಗೆ ಬೇರೆ ಬೇರೆ ಎನ್ವಿರಾನ್‌ಮೆಂಟ್ ಇಡುವುದು, ಉತ್ತರ ಸರಿಯೇ ಎಂದು ತಾನೇ ನೋಡುವ ಟೆಸ್ಟ್‌ಗಳನ್ನು ಬರೆಯುವುದು ಈಗ ಎಲ್ಲೆಡೆಯ ರೂಢಿ. ಈ ರೂಢಿ ಊರೂರಿಗೆ ಹರಡಿದ್ದರಲ್ಲಿ ಪೋಸ್ಟ್‌ಮ್ಯಾನ್ ಪಾಲು ದೊಡ್ಡದು. ದೇಶವೂ ಅದೇ ಹೊತ್ತಿಗೆ ಎಪಿಐಗಳತ್ತ ತಿರುಗಿತ್ತು. ಕೇಂದ್ರ ಸರಕಾರ 2015ರಲ್ಲಿ ಮುಕ್ತ ಎಪಿಐ ನೀತಿ ಪ್ರಕಟಿಸಿತು, 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು.

ಎರಡು ಪ್ರಯೋಗ

ಸಾಧನದ ಬೆಲೆ ಬಳಸಿದಾಗಲೇ ಗೊತ್ತಾಗುವುದು. ಓಪನ್ ಮೀಟಿಯೋ ಎಂಬ ಹವಾಮಾನ ಸೇವೆಗೆ ವಾಣಿಜ್ಯೇತರ ಬಳಕೆಗೆ ಕೀ ಬೇಕಿಲ್ಲ. ಅದರ ಫೋರ್‌ಕಾಸ್ಟ್ ವಿಳಾಸಕ್ಕೆ ಖಾನಾಪುರದ ಅಕ್ಷಾಂಶ 15.64, ರೇಖಾಂಶ 74.51 ಕೊಟ್ಟು, ಗಂಟೆಗಂಟೆಯ ಮಳೆ ಕೇಳಿ ಸೆಂಡ್ ಒತ್ತೋಣ. 200 ಎಂಬ ಕೋಡ್ ಜೊತೆ ಉತ್ತರ ಬರುತ್ತದೆ. ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಆದರೆ ಸಂಜೆ ಐದೂವರೆಗೆ ಹೇಳಿದ ಮಳೆ ಮಧ್ಯಾಹ್ನ 12ರ ಸಾಲಿನಲ್ಲಿ ಕೂತಿದೆ. ಮೇಲಿನ ಸಾಲುಗಳನ್ನು ಓದಿದರೆ ಕಾರಣ ಸಿಗುತ್ತದೆ: ಟೈಮ್‌ಝೋನ್ ಜಿಎಂಟಿ, ಅಂತರ 0 ಸೆಕೆಂಡ್. ನಾವು ಕಾಲವಲಯ ಹೇಳಿರಲಿಲ್ಲ, ಸರ್ವರ್ ತನ್ನ ರೂಢಿಯಂತೆ ಗ್ರೀನ್‌ವಿಚ್ ಗಡಿಯಾರ ಹಿಡಿಯಿತು. ಪ್ಯಾರಾಮೀಟರ್‌ಗಳಲ್ಲಿ ಏಷ್ಯಾ/ಕೋಲ್ಕತಾ ಸೇರಿಸಿ ಮತ್ತೆ ಕಳಿಸಿದರೆ ಅಂತರ 19800 ಆಗುತ್ತದೆ, ಅಂದರೆ ಐದೂವರೆ ಗಂಟೆ. ಮಳೆ ತನ್ನ ಹೊತ್ತಿಗೆ ಮರಳುತ್ತದೆ. ಆ್ಯಪ್‌ನೊಳಗೆ ಈ ತಪ್ಪು ಸೇರಿದ್ದರೆ ಹುಡುಕುವುದಕ್ಕೆ ದಿನಗಟ್ಟಲೆ ಬೇಕಾಗುತ್ತಿತ್ತು.

ಎರಡನೆಯದು ನಮ್ಮ ಲಿಪಿಯದು. ಕನ್ನಡ ವಿಕಿಪೀಡಿಯದ ಎಪಿಐಗೆ ‘ಬೆಳಗಾವಿ’ ಎಂಬ ಶೀರ್ಷಿಕೆ ಕಳಿಸೋಣ. ಓದುವವರಿಗೆ ಅದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಗುಣಿತ ಚಿಹ್ನೆಗಳೂ ಸೇರಿ ಏಳು. ಯುಟಿಎಫ್–8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ‘ಬ’ ಒಂದೇ ‘ಇ0 ಬಿ2 ಎಸಿ’ ಎಂದು ಒಡೆಯುತ್ತದೆ, ಪ್ರತಿ ಬೈಟಿನ ಹಿಂದೆ ಶೇಕಡಾ ಚಿಹ್ನೆ ಸೇರಿ ವಿಳಾಸದಲ್ಲಿ ಊರ ಹೆಸರಿಗೆ 63 ಚಿಹ್ನೆಗಳಾಗುತ್ತವೆ. ‘ಖಾನಾಪುರ’ದ ಲೆಕ್ಕವೂ ಸರಿಯಾಗಿ ಇಷ್ಟೇ. ಇಪ್ಪತ್ತು ಅಕ್ಷರಕ್ಕೆಂದು ಇಪ್ಪತ್ತೇ ಬೈಟ್ ಜಾಗ ಬಿಟ್ಟ ಫಾರಂ ಕನ್ನಡದ ಹೆಸರನ್ನು ನಡುವೆಯೇ ಏಕೆ ಕತ್ತರಿಸುತ್ತದೆ ಎಂಬುದು ಇಲ್ಲಿ ಕಣ್ಣಾರೆ ತಿಳಿಯುತ್ತದೆ. ಶೀರ್ಷಿಕೆಯಲ್ಲಿ ಒಂದು ಗುಣಿತ ತಪ್ಪಿಸಿ ಕಳಿಸಿದರೆ ಆಗಲೂ ಕೋಡ್ 200 ಬರುತ್ತದೆ, ಆದರೆ ಒಳಗೆ ‘ಮಿಸ್ಸಿಂಗ್’ ಎಂದಿರುತ್ತದೆ. 200 ಎಂದರೆ ಸರ್ವರ್ ರಿಕ್ವೆಸ್ಟನ್ನು ಒಪ್ಪಿಕೊಂಡು ಉತ್ತರಿಸಿತು ಎಂದಷ್ಟೇ ಅರ್ಥ. ಕೇಳಿದ್ದು ಸಿಕ್ಕಿತೇ ಎಂಬುದನ್ನು ಬಾಡಿ ಓದಿಯೇ ತಿಳಿಯಬೇಕು. ಹೆಸರಿನದೇ ಇನ್ನೊಂದು ತೊಡಕೂ ಇದೆ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಎರಡು ರೂಪಗಳೂ ಕಂಪ್ಯೂಟರ್‌ಗೆ ಬೇರೆ ಬೇರೆ ಊರುಗಳು. ಒಂದೇ ಹೆಸರು ನೆಚ್ಚಿಕೊಂಡು ಹುಡುಕಿದರೆ ಹಳೆಯ ದಾಖಲೆ ಸದ್ದಿಲ್ಲದೆ ತಪ್ಪಿಹೋಗುತ್ತದೆ.

ಪ್ರತಿ ಯಾರ ಬಳಿ?

ಕಲೆಕ್ಷನ್‌ಗಳು ಬೆಳೆದಂತೆ ಅವನ್ನು ತಂಡದವರೊಡನೆ ಹಂಚಿಕೊಳ್ಳಬೇಕಾಯಿತು. ಹಂಚಿಕೆ ಎಂದರೆ ಖಾತೆ, ಖಾತೆ ಎಂದರೆ ಕ್ಲೌಡ್. 2023ರಲ್ಲಿ ಪೋಸ್ಟ್‌ಮ್ಯಾನ್ ಲಾಗಿನ್ ಇಲ್ಲದೆ ಕೆಲಸ ಮಾಡುತ್ತಿದ್ದ ಸ್ಕ್ರ್ಯಾಚ್ ಪ್ಯಾಡನ್ನು ಕೈಬಿಟ್ಟಿತು. ಅದೇ ವರ್ಷ ಇನ್‌ಸೋಮ್ನಿಯಾ ಎಂಬ ಇನ್ನೊಂದು ಎಪಿಐ ಕ್ಲೈಂಟ್ ತನ್ನ 8ನೇ ಆವೃತ್ತಿಯಲ್ಲಿ ಖಾತೆ ಕೇಳತೊಡಗಿತು. ಬಳಕೆದಾರರ ಅಸಮಾಧಾನದ ನಂತರ ಖಾತೆ ಬೇಡದ ದಾರಿಯನ್ನೂ ಅದು ಸೇರಿಸಿತು. ಆ ಅಸಮಾಧಾನಕ್ಕೆ ಕಾರಣವಿತ್ತು. ರಿಕ್ವೆಸ್ಟ್‌ನ ಹೆಡರ್‌ನಲ್ಲಿ ನಮ್ಮ ಗುರುತು ಸಾರುವ ಗುಟ್ಟಿನ ಟೋಕನ್ ಇರಬಹುದು, ಬಾಡಿಯಲ್ಲಿ ಜನರ ಹೆಸರು, ಫೋನ್ ನಂಬರ್ ಇರಬಹುದು. ಅವು ನಮಗೆ ಅರಿವಿಲ್ಲದೆ ಇನ್ನೊಬ್ಬರ ಸರ್ವರ್‌ಗೆ ಹೋಗಬಾರದು.

ಪ್ರತಿ ಯಾರ ಬಳಿ ಇರಬೇಕೆಂಬ ಈ ಪ್ರಶ್ನೆಗೂ ಉತ್ತರ ನಮ್ಮ ಸುತ್ತಲೇ ಸಿಕ್ಕಿತು. ಕೇರಳದ ಲಿಯಾಸ್ ಥಾಮಸ್ 2019ರಲ್ಲಿ ಪೋಸ್ಟ್‌ವುಮನ್ ಎಂಬ ಮುಕ್ತ ತಂತ್ರಾಂಶ ಶುರುಮಾಡಿದರು. ಬ್ರೌಸರ್‌ನಲ್ಲೇ ನಡೆಯುವ ಅದರ ಈಗಿನ ಹೆಸರು ಹಾಪ್‌ಸ್ಕಾಚ್. ಬೆಂಗಳೂರಿನ ಅನೂಪ್ ಎಂ.ಡಿ. ತಮ್ಮ ನಾಯಿಯ ಹೆಸರಿಟ್ಟು ಬ್ರೂನೊ ಕಟ್ಟಿದರು. ಬ್ರೂನೊ ಪ್ರತಿ ರಿಕ್ವೆಸ್ಟನ್ನೂ ನಮ್ಮದೇ ಫೋಲ್ಡರ್‌ನಲ್ಲಿ ಸರಳ ಪಠ್ಯದ ಕಡತವಾಗಿ ಇಡುತ್ತದೆ. ಖಾತೆ ಬೇಡ. ಹಂಚಿಕೊಳ್ಳಬೇಕಾದರೆ ಕೋಡ್ ಜೊತೆಗೆ ಗಿಟ್‌ನಲ್ಲಿ ಹಾಕಿದರಾಯಿತು. ಯಾವ ಸಾಲು ಯಾವಾಗ ಬದಲಾಯಿತೆಂಬುದೂ ಅಲ್ಲೇ ದಾಖಲಾಗುತ್ತದೆ.

ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೇಳದೆ ಹೋಗುತ್ತವೆ. ಅಂಥ ಕಡೆಯ ವಿದ್ಯಾರ್ಥಿಗೆ ಲಾಗಿನ್ ಪುಟ ತೆರೆಯದಿದ್ದರೆ ಅವತ್ತಿನ ಕಲಿಕೆ ಮುಗಿಯಿತು. ಕಡತ ತನ್ನ ಲ್ಯಾಪ್‌ಟಾಪ್‌ನಲ್ಲೇ ಇದ್ದರೆ, ತಾನೇ ಬರೆದ ಸರ್ವರನ್ನು ಅದೇ ಯಂತ್ರದಲ್ಲಿ ಓಡಿಸಿ, ರಿಕ್ವೆಸ್ಟ್ ಕಳಿಸಿ, ಉತ್ತರ ಪರೀಕ್ಷಿಸಿ ಮಲಗಬಹುದು. ಹಾಗಾಗಿ ಹಳ್ಳಿಗಾಡಿನ ಕಲಿಯುವವರಿಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಸಾಧನವೇ ಹೆಚ್ಚು ಹೊಂದುತ್ತದೆ ಎಂದು ನನ್ನ ನಂಬಿಕೆ.

ನಮ್ಮ ಎಂಜಿನಿಯರಿಂಗ್, ಡಿಪ್ಲೊಮಾ ತರಗತಿಗಳಲ್ಲಿ ಮೊದಲ ವಾರವೇ ಈ ಕೈಕೆಲಸ ಬರಬೇಕು. ವಿದ್ಯಾರ್ಥಿ ತನ್ನ ಊರಿನ ಮಳೆ ಕೇಳಲಿ, ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಕಳಿಸಲಿ, ಬೇಕೆಂದೇ ತಪ್ಪು ಟೋಕನ್ ಕೊಟ್ಟು 401 ಎಂಬ ನಿರಾಕರಣೆಯ ಕೋಡ್ ಹೇಗಿರುತ್ತದೆಂದು ನೋಡಲಿ. ಸರ್ವರ್ ಹೇಳಿದ್ದನ್ನು ಹೆಡರ್‌ನಿಂದ ಕೊನೆಯ ಸಾಲಿನವರೆಗೆ ಓದಿ, ಪ್ರಶ್ನೆ ತಿದ್ದಿ, ಮತ್ತೊಮ್ಮೆ ಕಳಿಸುವ ತಾಳ್ಮೆ ಒಮ್ಮೆ ಕೈಗೆ ಹತ್ತಿದರೆ, ಮುಂದೆ ಯಾವ ಹೊಸ ಸಾಧನ ಬಂದರೂ ಅದನ್ನು ಕಲಿಯುವುದು ಒಂದು ಮಧ್ಯಾಹ್ನದ ಕೆಲಸ.